ಅಮ್ಮನ ಬೆರಳು

"ಕೊಡಮ್ಮ ಇಲ್ಲಿ, ನಾನೇ ಮಾಡಿಕೊಡ್ತೀನಿ." ಹೀಗಂದು ಎಷ್ಟು ಸಲ ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡಿದ್ದೇನೋ, ಲೆಕ್ಕವಿಲ್ಲ. ಸಹಾಯ ಅಂತಲೇ ಅಂದುಕೊಂಡಿದ್ದೆ. ಅಮ್ಮ ಕೇಳುವುದನ್ನೇ ಬಿಟ್ಟಿದ್ದಳು. "ನಂಗೆಲ್ಲಿ ಬರುತ್ತೆ ಬಿಡು" ಅಂದು ಸುಮ್ಮನಾಗುತ್ತಿದ್ದಳು.

ಅಪ್ಪ ಹೋದ ಮೇಲೆ ಮನೆಯಲ್ಲಿ ಅವಳ ದನಿ ಕೇಳಿಸುವುದೇ ಕಡಿಮೆಯಾಗಿತ್ತು. ದೊಡ್ಡಮ್ಮನಿಗೆ ಏನೋ ಹೇಳಬೇಕೆಂದರೂ ನಾನು ಕೆಲಸ ಮುಗಿಸಿ ಬರುವ ತನಕ ಕಾಯಬೇಕು. ಅಷ್ಟು ಹೊತ್ತಿಗೆ ಆ ಮಾತು ಆರಿಹೋಗಿರುತ್ತಿತ್ತು.

ಕಳೆದ ಭಾನುವಾರ ಪಕ್ಕದಲ್ಲಿ ಕೂತೆ. ಏನೇ ಆದರೂ ಫೋನ್ ಮುಟ್ಟಬಾರದು ಅಂತ ಕೈ ಕಟ್ಟಿಕೊಂಡೆ. ಆಗ ಕಣ್ಣಿಗೆ ಬಿತ್ತು. ಅಮ್ಮ ಪರದೆಯನ್ನು ಮುಟ್ಟುತ್ತಿರಲಿಲ್ಲ, ಒತ್ತುತ್ತಿದ್ದಳು. ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ. ಈ ಪರದೆಗೆ ಎಷ್ಟು ಗಟ್ಟಿ ಒತ್ತಿದರೂ ಅಷ್ಟೇ, ಅದಕ್ಕೆ ಬೇಕಾದದ್ದು ಚರ್ಮದ ಸ್ಪರ್ಶ. ವಯಸ್ಸಾದವರ ಬೆರಳು ಒಣಗಿದ್ದರೆ ಕೆಲವು ಸಲ ಅದಕ್ಕೆ ತಿಳಿಯುವುದೇ ಇಲ್ಲ. ಆಗ ಇನ್ನೂ ಜಾಸ್ತಿ ಹೊತ್ತು ಒತ್ತುತ್ತಾರೆ. ಫೋನ್ ಅದನ್ನು ಬೇರೆಯೇ ಅಪ್ಪಣೆ ಅಂದುಕೊಂಡು ಇನ್ನೇನೋ ತೆರೆಯುತ್ತದೆ. ಇಷ್ಟು ವರ್ಷ ಅಮ್ಮ "ನಾನೇ ಏನೋ ಹಾಳು ಮಾಡಿದೆ" ಅಂದುಕೊಂಡಿದ್ದು ಇದನ್ನೇ! ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿ ಅಂತಿದೆ, ಎಷ್ಟು ಹೊತ್ತು ಒತ್ತಿದರೆ ಅದು ಒತ್ತಿದ ಲೆಕ್ಕ ಅನ್ನುವುದನ್ನು ಅಲ್ಲಿ ಬದಲಿಸಬಹುದು. ನಾನು ಬಾಯಲ್ಲಿ ಹೇಳಿದೆ, ಅವಳೇ ಹುಡುಕಿ ಬದಲಿಸಿದಳು. ಅಕ್ಷರವನ್ನೂ ದೊಡ್ಡದು ಮಾಡಿಕೊಂಡಳು.

ಆಮೇಲೆ ವಾಯ್ಸ್ ಮೆಸೇಜ್. ವಾಟ್ಸಾಪ್‌ಗೆ ಅದು ಬಂದದ್ದು 2013ರಲ್ಲಿ. ಅಮ್ಮನಿಗೆ ನಾನು ತೋರಿಸಿದ್ದು ಈಗ. ಈ ಮಾತು ನನ್ನನ್ನು ಇನ್ನೂ ಚುಚ್ಚುತ್ತಿದೆ.

ಪರದೆಯ ಮೈಕ್ ಗುರುತನ್ನು ಒತ್ತಿ ಹಿಡಿದು ಮಾತಾಡಲು ಶುರು ಮಾಡುತ್ತಾಳೆ, ಬೆರಳು ಜಾರಿ ಮೆಸೇಜ್ ಅರ್ಧಕ್ಕೇ ಹೊರಟುಹೋಗುತ್ತದೆ. ಮೊದಲು ಹೋದದ್ದು ಬರೀ "ಅಕ್ಕಾ". ಎರಡನೆಯದು "ಅಕ್ಕಾ, ಕೇಳಿಸ್ತಾ". ನನ್ನ ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಮೈಕನ್ನು ಮೇಲಕ್ಕೆ ಸರಿಸಿದರೆ ಬೀಗ ಬೀಳುತ್ತೆ, ಆಮೇಲೆ ಬೆರಳು ತೆಗೆಯಬಹುದು ಅಂದೆ. ಐದನೇ ಸಲಕ್ಕೆ ಬೀಗ ಬಿತ್ತು. ಅಮ್ಮ ಒಂದು ಕ್ಷಣ ತಡೆದಳು. ಆಮೇಲೆ ಮಾತಾಡಿದಳು, ಮೂರು ನಿಮಿಷ, ನಿಲ್ಲಿಸದೆ. ಅಪ್ಪನ ವಿಷಯವೂ ಇತ್ತು. ನನ್ನ ಮುಂದೆ ಅವಳು ಯಾವತ್ತೂ ಆಡದ ಮಾತು. ನಾನು ಎದ್ದು ಆಚೆ ಹೋದೆ.

ದೊಡ್ಡಮ್ಮನಿಗೆ ಮೊಮ್ಮಗಳು ಆಗಲೇ ಕಲಿಸಿದ್ದಳು. ಉತ್ತರ ಬೇಗ ಬಂತು. ಫೋನನ್ನು ಕಿವಿಗೆ ಇಟ್ಟುಕೊಂಡರೆ ದನಿ ಸ್ಪೀಕರ್ ಬಿಟ್ಟು ಕಿವಿಗಷ್ಟೇ ಕೇಳಿಸುತ್ತೆ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅಮ್ಮನೇ ಕಂಡುಕೊಂಡಳು. ಕಿಟಕಿ ಪಕ್ಕ ನಿಂತು ಕೇಳುತ್ತಾ ಕೇಳುತ್ತಾ ಜೋರಾಗಿ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು.

"ಏನಂತೆ ಅಮ್ಮ?" ಅಂದೆ.

"ನಿಂಗಲ್ಲ, ಅದು ನಮ್ಮಿಬ್ಬರದು" ಅಂದು ಮತ್ತೆ ಮೈಕ್ ಹಿಡಿದಳು.