ನನ್ನ ಕಾಲಡಿಯ ಬ್ರೇಕು

ಶಿರಸಿಯಲ್ಲಿ ಕಾರು ಕಲಿಸುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷವಾಯಿತು. ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಕಲಿಸುವವನ ಕಾಲಡಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರಬೇಕು, ಕಾನೂನೇ ಹಾಗಿದೆ. ಆ ಎರಡನೇ ಬ್ರೇಕು ಎಷ್ಟು ಜನರನ್ನು ಉಳಿಸಿದೆ ಎಂದು ಒಂದು ಕಾಲದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ಹೇಳುವುದಿಲ್ಲ.

ಮೂರು ವರ್ಷದ ಹಿಂದೆ, ಮೃಗಶಿರ ಮಳೆ ಹಿಡಿದ ವಾರ, ನನ್ನ ಹತ್ತಿರ ಕಲಿತ ಹುಡುಗನೊಬ್ಬ ದೇವಿಮನೆ ಘಟ್ಟದಲ್ಲಿ ಪಿಕಪ್ ಗಟಾರಕ್ಕೆ ಇಳಿಸಿದ. ತೆಂಗಿನ ಸಸಿ ತರಲು ಕುಮಟಾಕ್ಕೆ ಹೊರಟಿದ್ದ. ಗಾಡಿ ಖಾಲಿ. ಖಾಲಿ ಪಿಕಪ್ಪಿನ ಹಿಂಭಾಗಕ್ಕೆ ತೂಕವೇ ಇರುವುದಿಲ್ಲ, ಒದ್ದೆ ರಸ್ತೆಯ ತಿರುವಿನಲ್ಲಿ ಜೋರಾಗಿ ಬ್ರೇಕು ಒತ್ತಿದರೆ ಬಾಲ ತಿರುಗಿಸಿಬಿಡುತ್ತದೆ. ಗುಡ್ಡದ ಬದಿಗೆ ಹೋದದ್ದು ಅವನ ಅಪ್ಪ ಅಮ್ಮನ ಪುಣ್ಯ. ಭುಜದ ಎಲುಬು ಮುರಿದಿತ್ತು, ಅಷ್ಟೇ.

ನೋಡಲು ಹೋದಾಗ ಆಸ್ಪತ್ರೆಯ ಮಂಚದ ಮೇಲಿಂದಲೇ ಹೇಳಿದ: “ಎಂತ ಮಾಡೂದು ಮಾಸ್ತರೇ, ಲಾರಿ ಒಮ್ಮೆಲೇ ಬಂತು.”

ಹೌದಪ್ಪ ಎಂದು ತಲೆಯಾಡಿಸಿ ಬಂದೆ. ರಾತ್ರಿ ಮಲಗಿದ ಮೇಲೆ ಆ ಮಾತು ಕೊರೆಯತೊಡಗಿತು. ಹತ್ತು ಟನ್ ಲೋಡು ಹೊತ್ತು, ಒಂದನೇ ಗೇರಿನಲ್ಲಿ ಗೋಳಾಡುತ್ತ ಘಟ್ಟ ಹತ್ತುವ ಲಾರಿ ಒಮ್ಮೆಲೇ ಬರುವುದು ಹೇಗೆ? ಮರುದಿನ ಬೈಕಿನಲ್ಲಿ ಹೋಗಿ ಅವನು ಬಿದ್ದ ತಿರುವಿಗಿಂತ ಎರಡು ತಿರುವು ಮೇಲೆ ಕೊಡೆ ಹಿಡಿದು ನಿಂತೆ. ಮರಗಳ ಸಂದಿಯಲ್ಲಿ ಕೆಳಗಿನ ರಸ್ತೆ ಒಂದು ಗೇಣಿನಷ್ಟು ಕಾಣುತ್ತಿತ್ತು. ಹತ್ತಿ ಬಂದ ಪ್ರತಿ ಲಾರಿಯೂ ಮೊದಲು ಅಲ್ಲಿ ಕಂಡಿತು, ಆಮೇಲೆ ಸದ್ದು ಕೇಳಿತು, ಕೊನೆಗೆ ಎದುರಿನ ಮರದ ಬೊಡ್ಡೆಯ ಮೇಲೆ ಅದರ ಹೆಡ್‌ಲೈಟು ಹೊರಳಿತು. ಮೂರು ಸಲ ಹೇಳಿಯೇ ಬರುತ್ತಿತ್ತು ಲಾರಿ. ಹುಡುಗನ ಗಾಜು ಏರಿಸಿತ್ತು, ಹಾಡು ಹಚ್ಚಿತ್ತು, ಕಣ್ಣು ಬಾನೆಟ್ಟಿನ ತುದಿಯಲ್ಲಿತ್ತು.

ಹಾಗೆ ನೋಡಲು ಕಲಿಸಿದವನು ನಾನೇ. ಕ್ಲಚ್ಚು, ಗೇರು, ರಿವರ್ಸು, ಹಾಫ್ ಕ್ಲಚ್ಚಿನಲ್ಲಿ ಏರು ಹತ್ತಿಸುವುದು ಎಲ್ಲ ಕಲಿಸಿದ್ದೆ. ಕಲಿಯುವಾಗ ಎದುರಿಗೆ ದನ ಬಂದರೆ, ಸ್ಕೂಟಿ ನುಗ್ಗಿದರೆ, ತಿರುವಿಗೆ ವೇಗ ಹೆಚ್ಚಾದರೆ, ಒಂದು ಮಾತೂ ಆಡದೆ ನನ್ನ ಬದಿಯ ಬ್ರೇಕನ್ನು ಮೆತ್ತಗೆ ಒತ್ತಿಬಿಡುತ್ತಿದ್ದೆ. ಬೈದರೆ ಕಲಿಯುವವರು ಹೆದರುತ್ತಾರೆ ಎಂಬ ಲೆಕ್ಕ. ಘಟ್ಟದ ಪ್ರಕರಣದ ಮುಂದಿನ ಸೋಮವಾರ ಒಂದು ತಾಸಿನ ಕ್ಲಾಸಿನಲ್ಲಿ ಎಷ್ಟು ಸಲ ಒತ್ತುತ್ತೇನೆಂದು ಬೆರಳು ಮಡಚಿ ಎಣಿಸಿದೆ. ಎರಡೂ ಕೈ ಸಾಲಲಿಲ್ಲ. ಇಳಿಯುವಾಗ ಕಲಿಯುವವನು, “ಇವತ್ತು ಚಲೋ ಹೊಡೆದೆ ಅಲ್ಲವಾ ಮಾಸ್ತರೇ?” ಎಂದ. ಅವನ ಪಾಲಿಗೆ ಆ ಹತ್ತು ಹನ್ನೆರಡು ಅಪಾಯಗಳು ಇರಲೇ ಇಲ್ಲ. ಕಾಲು ಅವನದು, ಕಣ್ಣು ನನ್ನದು. ಹೀಗೆ ಹತ್ತಾರು ವರ್ಷ ಜನರಿಗೆ ಲೈಸೆನ್ಸ್ ಕೊಡಿಸಿದ್ದೆ.

ಅಲ್ಲಿಂದ ಕ್ಲಾಸಿನ ರೀತಿ ಬದಲಾಯಿತು. ಬಸ್ಸಿನಲ್ಲಿ ‘ಚಾಲಕರೊಂದಿಗೆ ಮಾತನಾಡಬೇಡಿ’ ಎಂದು ಬರೆದಿರುತ್ತದಲ್ಲ, ನನ್ನ ಗಾಡಿಯಲ್ಲಿ ಚಾಲಕ ಬಾಯಿ ಮುಚ್ಚುವಂತಿಲ್ಲ. ಕಂಡದ್ದನ್ನೆಲ್ಲ ಹೇಳುತ್ತ ಹೊಡೆಯಬೇಕು. ಇದು ನನ್ನ ಶೋಧವಲ್ಲ. ಇಂಗ್ಲೆಂಡಿನ ಪೊಲೀಸರು 1930ರ ದಶಕದಲ್ಲಿ ಲಂಡನ್ನಿನ ಹೆಂಡನ್‌ನಲ್ಲಿ ಚಾಲನಾ ಶಾಲೆ ತೆರೆದರು. ಮುಂದುವರಿದ ಚಾಲನಾ ತರಬೇತಿ ಎಂದು ಈಗ ಕರೆಯುವ ಪದ್ಧತಿ ಬೆಳೆದದ್ದು ಅಲ್ಲಿಂದ. ನೋಡು, ಜಾಗ ಹಿಡಿ, ವೇಗ ಇಳಿಸು, ಗೇರು ಹಾಕು, ಆಮೇಲೆ ಎಕ್ಸಲರೇಟರ್ ಎಂಬ ಕ್ರಮ ಅವರದು. ನಮ್ಮವರದು ಹೆಚ್ಚುಕಡಿಮೆ ಉಲ್ಟಾ. ತಿರುವಿನ ಒಳಗೆ ಹೋದ ಮೇಲೆ ಬ್ರೇಕು, ಕೊನೆಗೆ ನೋಟ.

ಮೊದಮೊದಲು ಎಲ್ಲರಿಗೂ ನಾಚಿಕೆ. “ಎಂತ ಕಾಣ್ತದೆ ಹೇಳಿ” ಎಂದರೆ, “ಎಂತೂ ಇಲ್ಲ ಮಾಸ್ತರೇ” ಎನ್ನುತ್ತಾರೆ. ಕುಮಟಾ ರಸ್ತೆಯಲ್ಲಿ ರಾಗಿಹೊಸಳ್ಳಿ ಬರುವಷ್ಟರಲ್ಲಿ ಬಾಯಿ ಬಿಡುತ್ತದೆ. ಬಸ್ ನಿಂತಿದೆ, ಇಳಿದವರು ಬಸ್ಸಿನ ಮುಂದಿನಿಂದ ದಾಟಬಹುದು. ರಸ್ತೆಗೆ ಕೆಂಪು ರಾಡಿ ಹತ್ತಿದೆ, ಎಲ್ಲೋ ಮಣ್ಣಿನ ಟಿಪ್ಪರ್ ಓಡಾಡುತ್ತಿದೆ. ಸಗಣಿ ಹಸಿ ಇದೆ, ದನ ದೂರ ಹೋಗಿಲ್ಲ. ಕರಾವಳಿಗೆ ಇಳಿದರೆ ಹೆದ್ದಾರಿ 66ರಲ್ಲಿ ಮೀನು ಲಾರಿ ಸುರಿಸಿಕೊಂಡು ಹೋದ ನೀರಿನ ಗೆರೆ, ಬೈಕಿನವನಿಗೆ ಅದು ಎಣ್ಣೆ ಇದ್ದ ಹಾಗೆ. ಬನವಾಸಿ, ಮುಂಡಗೋಡದ ಕಡೆ ಹೋದರೆ ಅರ್ಧ ರಸ್ತೆಗೆ ಹರವಿದ ಗೋವಿನಜೋಳ, ಅಂಚಿಗೆ ಇಟ್ಟ ಕಲ್ಲು.

ತಿರುವಿಗೆ ನಾನು ಕಲಿಸುವ ಒಂದೇ ಉಪಾಯ ‘ಗಂಟು’. ಹೆಸರು ನಾನಿಟ್ಟದ್ದು. ದೂರದಲ್ಲಿ ರಸ್ತೆಯ ಎರಡು ಅಂಚೂ ಒಂದಾದ ಹಾಗೆ ಕಾಣುವ ಜಾಗವಿದೆಯಲ್ಲ, ಅದೇ ಗಂಟು. ಗಾಡಿ ಹೋದಂತೆ ಗಂಟು ನಿಮ್ಮತ್ತಲೇ ಬರುತ್ತಿದ್ದರೆ ತಿರುವು ಬಿಗಿಯುತ್ತಿದೆ, ಎಕ್ಸಲರೇಟರ್ ಬಿಡಿ, ಬ್ರೇಕು ತಾಗಿಸಿ. ಗಂಟೂ ನಿಮ್ಮಷ್ಟೇ ವೇಗದಲ್ಲಿ ಮುಂದೆ ಸರಿಯುತ್ತಿದ್ದರೆ ವೇಗ ಸರಿಯಿದೆ. ಗಂಟು ಬಿಚ್ಚಿ ಮುಂದೆ ಓಡತೊಡಗಿದರೆ ತಿರುವು ಮುಗಿಯಿತು, ಹೋಗಿ. ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಬರಬೇಕು. ಒಂದೇ ಗಾಡಿ ಹಿಡಿಸುವ ಊರ ರಸ್ತೆಯಲ್ಲಿ ಅದರ ಅರ್ಧದೊಳಗೆ, ಯಾಕೆಂದರೆ ಎದುರಿನವನಿಗೂ ನಿಲ್ಲಲು ಅಷ್ಟೇ ಜಾಗ ಬೇಕು.

ಅಂಕಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಅದಕ್ಕೆ ತೋಟದ ಲೆಕ್ಕ ಹೇಳುತ್ತೇನೆ. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಬೇಕೆಂದರೂ 25 ಮೀಟರ್. ಒಂಬತ್ತು ಅಡಿಗೊಂದು ಅಡಿಕೆ ಮರ ಹಿಡಿದರೆ, ಬ್ರೇಕು ಮುಟ್ಟುವ ಮೊದಲೇ ಒಂಬತ್ತು ಮರ ದಾಟಿರುತ್ತೀರಿ. ಒಣ ರಸ್ತೆಯಲ್ಲಿ ಮುಂದಿನ ಗಾಡಿಗೆ ಎರಡು ಸೆಕೆಂಡ್ ಅಂತರ, ಮಳೆಯಲ್ಲಿ ನಾಲ್ಕು.

ಇಳಿಜಾರಿನದು ಬೇರೆಯೇ ಕಥೆ. ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಸತ್ತಿಲ್ಲ. ಈಗಿನ ಗಾಡಿಗಳಲ್ಲಿ ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಇಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿದ್ದರೆ ಸುಮ್ಮನೆ ಉರಿಯುತ್ತಿರುತ್ತದೆ. ಉಳಿಸಲು ಹೋಗಿ ಕಳೆಯುವುದು! ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಎಂಬುದು ಹಳೆಯ ಬಸ್ ಚಾಲಕರ ಮಾತು, ಇವತ್ತಿಗೂ ಅದನ್ನು ಮೀರಿದ ಸಲಹೆ ಇಲ್ಲ. ಬ್ರೇಕಿನ ಮೇಲೆ ಕಾಲಿಟ್ಟೇ ಅರಬೈಲ್ ಘಟ್ಟ ಇಳಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆನಾಡಿನಲ್ಲಿ ಕೇಳಬೇಕೇ. ಹಳೆಯ ಎಣ್ಣೆ ಆ ಕಾವಿಗೆ ಕುದಿದು ಗುಳ್ಳೆ ಏಳುತ್ತದೆ, ಪೆಡಲು ಕಾಲಡಿ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ಸೀಟಿಗೆ ಹೊಸ ಕವರ್ ಹಾಕಿಸುವವರು ಬ್ರೇಕ್ ಎಣ್ಣೆ ಬದಲಿಸಿ ಎಷ್ಟು ವರ್ಷವಾಯಿತೆಂದು ಕೇಳಿದರೆ ಮುಖ ನೋಡುತ್ತಾರೆ.

2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ, ಸವಣೂರು ಕಡೆಯಿಂದ ಸಂತೆಗೆ ಹೊರಟ ಹಣ್ಣು ತರಕಾರಿ ವ್ಯಾಪಾರಿಗಳ ಲಾರಿ ಕಂದಕಕ್ಕೆ ಉರುಳಿ 10 ಮಂದಿ ತೀರಿಕೊಂಡರು. ಇನ್ನೊಂದು ಗಾಡಿಗೆ ಸೈಡು ಕೊಡಲು ಎಡಕ್ಕೆ ಹೋದಾಗ ಆದದ್ದು ಎಂದು ಆಗ ವರದಿಯಾಗಿತ್ತು. ಅಂದಿನಿಂದ ಸೈಡು ಕೊಡುವುದಕ್ಕೇ ಒಂದು ದಿನ ಇಟ್ಟಿದ್ದೇನೆ. ಕಂದಕದ ಬದಿ ನಿಮ್ಮದಾದರೆ ಡಾಂಬರು ಬಿಡಬೇಡಿ, ಮಣ್ಣಿನ ಅಂಚು ಮಳೆಗೆ ಒಳಗೊಳಗೇ ಟೊಳ್ಳಾಗಿರುತ್ತದೆ. ಡಾಂಬರಿನ ಮೇಲೇ ನಿಲ್ಲಿ, ಎದುರಿನವನು ಹಾರ್ನು ಬಾರಿಸಲಿ. ಇಬ್ಬರಿಗೂ ಸಾಲುವಷ್ಟು ಅಗಲವಿಲ್ಲದ ಕಡಿದಾದ ರಸ್ತೆಯಲ್ಲಿ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕೆಂಬುದು ಕಾನೂನು, ಇದೂ ಬಹಳ ಜನರಿಗೆ ಗೊತ್ತಿಲ್ಲ. ನಿಲ್ಲಿಸುವ ಜಾಗವೂ ಪಾಠವೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ, ಕಡಿದ ಗುಡ್ಡದ ಬುಡದಲ್ಲಿ ಚಹಾ ಕುಡಿಯಲೆಂದು ಗಾಡಿ ನಿಲ್ಲಿಸಲು ನಾನು ಬಿಡುವುದಿಲ್ಲ.

ಲೈಸೆನ್ಸ್ ಆದವರು ಈ ಕ್ಲಾಸಿಗೆ ಬರುತ್ತಾರಾ ಅಂದರೆ, ಕಡಿಮೆ. ಲೈಸೆನ್ಸ್ ಇದ್ದ ಮೇಲೆ ಮತ್ತೆ ಎಂತ ಕಲಿಯುವುದು? ಮೂವತ್ತು ವರ್ಷದಿಂದ ಹೊಡೆಯುತ್ತಿದ್ದೇನೆ ಎನ್ನುವ ಹಿರಿಯರು ಮಗನನ್ನು ಕಳಿಸುತ್ತಾರೆ, ತಾವು ಬರುವುದಿಲ್ಲ. ದೊಡ್ಡ ಗಾಯವಾದರೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್, ಘಟ್ಟದ ನಡುವೆ 108ಕ್ಕೆ ಹಚ್ಚಲು ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು ಎಂದು ಹೆದರಿಸಿಯೂ ನೋಡಿದ್ದೇನೆ. ಹೆದರಿಕೆ ಒಂದು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ.

ಹೋದ ಮಳೆಗಾಲದಲ್ಲಿ ಪ್ರಾಥಮಿಕ ಶಾಲೆಯ ಟೀಚರೊಬ್ಬರು ಬಂದರು. ಲೈಸೆನ್ಸ್ ಆಗಿ ಆರು ವರ್ಷ, ಘಟ್ಟಕ್ಕೆ ಮಾತ್ರ ಗಂಡನೇ ಬೇಕು. ಐದನೇ ದಿನ ದೇವಿಮನೆ ಇಳಿಯುತ್ತಿದ್ದೆವು. ಎರಡನೇ ಗೇರು, ಸಣ್ಣ ಮಳೆ, ಗಾಜು ಎರಡು ಬೆರಳು ಇಳಿಸಿತ್ತು. ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದರು: ಗಂಟು ಹತ್ತಿರ ಬಂತು, ಬಲಕ್ಕೆ ಮಂಗ, ಲಾರಿ ಸದ್ದು ಇಲ್ಲ. ನಡುವೆ ಒಮ್ಮೆ ತಡೆದು, “ಸೊಪ್ಪು ಬಿದ್ದಿದೆ ಮಾಸ್ತರೇ” ಎಂದರು.

ಮಳೆಗಾಲದಲ್ಲಿ ಸೊಪ್ಪು ಬೀಳದೆ ಇರುತ್ತದೆಯೇ ಎಂದುಕೊಂಡೆ.

“ಅಲ್ಲ, ಇದು ಗಾಳಿಗೆ ಬಿದ್ದದ್ದಲ್ಲ. ಕೊಂಬೆ ಮುರಿದು ಇಟ್ಟಿದ್ದಾರೆ.”

ನನ್ನ ಕಾಲು ಬ್ರೇಕಿನತ್ತ ಹೋಯಿತು. ಗಾಡಿ ಆಗಲೇ ನಿಧಾನವಾಗಿತ್ತು. ತಿರುವಿನಾಚೆ ಲಾರಿಯೊಂದು ಹಿಂದಿನ ಗಾಲಿ ಬಿಚ್ಚಿಟ್ಟುಕೊಂಡು ನಿಂತಿತ್ತು. ಹಿಂದೆ ಸಾಲಾಗಿ ನಾಲ್ಕು ಕಲ್ಲು, ಅದರ ಮೇಲೂ ಹಸಿ ಸೊಪ್ಪು. ಟೀಚರು ಹಿಂದೆ ಮುಂದೆ ನೋಡಿ, ಇಂಡಿಕೇಟರ್ ಹಾಕಿ, ಪಕ್ಕಕ್ಕೆ ಬಂದು ನಿಲ್ಲಿಸಿ ಗಾಜು ಪೂರ್ತಿ ಇಳಿಸಿದರು. ಜಾಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಕ್ಲೀನರ್ ಹುಡುಗ ತಲೆ ಎತ್ತಿದ.

“ತಮಾ, ಹೋಗುವಾಗ ಆ ಕಲ್ಲು ತೆಗೆದಿಟ್ಟು ಹೋಗು.”