7800ಎಕ್ಸ್3ಡಿ ತಗೊಳ್ಳಲಾ, 14700ಕೆ ತಗೊಳ್ಳಲಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ವಾರಕ್ಕೆ ಒಂದು ಸಲವಾದರೂ ಈ ಪ್ರಶ್ನೆ ಬರುತ್ತದೆ. ಹಾಸನದಲ್ಲಿ ಗೆಳೆಯರಿಗೆ, ಗೆಳೆಯರ ತಮ್ಮಂದಿರಿಗೆ, ಅವರ ಪರಿಚಯದವರಿಗೆ ಪಿಸಿ ಜೋಡಿಸಿಕೊಡುತ್ತಾ ಹನ್ನೊಂದು ವರ್ಷ ಆಯಿತು. ನನಗೆ ಅಂಗಡಿ ಇಲ್ಲ, ಕಮಿಷನ್ ಇಲ್ಲ, ಇಷ್ಟಪಟ್ಟು ಮಾಡುವ ಕೆಲಸ. ಕೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಗೇಮೂ ಆಡಬೇಕು, ಭಾರೀ ಕೆಲಸಾನೂ ಆಗಬೇಕು. ರೈಜನ್ 7 7800ಎಕ್ಸ್3ಡಿ ತಗೊಳ್ಳಲಾ, ಕೋರ್ ಐ7-14700ಕೆ ತಗೊಳ್ಳಲಾ?" ಎರಡೂ ಪಿಸಿಯ ಮೆದುಳಿನ ಹಾಗೆ ಕೆಲಸ ಮಾಡುವ ಪ್ರೊಸೆಸರ್‌ಗಳು. ಮೊದಲನೆಯದು ಎಎಂಡಿ ಕಂಪನಿಯದು, 2023ರ ಏಪ್ರಿಲ್‌ನಲ್ಲಿ ಬಂತು. ಎರಡನೆಯದು ಇಂಟೆಲ್‌ನದು, ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂತು. ಆಮೇಲೆ ಹೊಸವು ಬಂದಿವೆ, ಆದರೂ ಈ ಜೋಡಿ ಬಗ್ಗೆ ಕೇಳುವುದು ನಿಂತಿಲ್ಲ.

ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ. ಈಗಿರುವ ಪಿಸಿ ನಿಮ್ಮನ್ನು ಎಲ್ಲಿ ಕಾಯಿಸುತ್ತಿದೆ?

ಇದಕ್ಕೆ ತಕ್ಷಣ ಉತ್ತರ ಹೇಳುವವರು ಕಡಿಮೆ. ಯೋಚನೆ ಮಾಡಿ ಹೇಳಿ ಅಂದರೆ ಎರಡು ದಿನ ಬಿಟ್ಟು ಫೋನ್ ಮಾಡುತ್ತಾರೆ. ಆಗ ಬರುವ ಉತ್ತರದಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ. ಯಾಕೆಂದರೆ ಈ ಎರಡು ಪ್ರೊಸೆಸರ್‌ಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಅನ್ನುವ ಲೆಕ್ಕ ಇಲ್ಲ. ಅವು ಬೇರೆ ಬೇರೆ ಕಾಯುವಿಕೆಯನ್ನು ಕಡಿಮೆ ಮಾಡುತ್ತವೆ.

ಮದುವೆ ಮನೆಯ ಅಡುಗೆ ನೋಡಿದ್ದೀರಲ್ಲ. ತರಕಾರಿ ಹೆಚ್ಚುವುದಕ್ಕೆ, ಕಾಯಿ ತುರಿಯುವುದಕ್ಕೆ ಎಷ್ಟು ಜನ ಕೂತರೂ ಕೆಲಸ ಇರುತ್ತದೆ. ಹತ್ತು ಜನ ಕೂತರೆ ಬೇಗ ಮುಗಿಯುತ್ತದೆ, ಇಪ್ಪತ್ತು ಜನ ಕೂತರೆ ಇನ್ನೂ ಬೇಗ. ಆದರೆ ಸಾರಿನ ಹದ ನೋಡುವುದು ಮುಖ್ಯ ಅಡುಗೆಯವರೊಬ್ಬರೇ. ಅಲ್ಲಿ ಇನ್ನೂ ನಾಲ್ಕು ಜನ ಬಂದು ನಿಂತರೆ ಏನೂ ಉಪಯೋಗ ಇಲ್ಲ. ಅವರಿಗೆ ಬೇಕಾದದ್ದು ಒಂದೇ, ಕೈ ಚಾಚಿದ ಕಡೆ ಮಸಾಲೆ ಡಬ್ಬಿ ಇರಬೇಕು. ಪ್ರತಿ ಚಮಚಕ್ಕೂ ಉಗ್ರಾಣಕ್ಕೆ ಹೋಗಿ ಬರಬೇಕು ಅಂದರೆ ಪಂಕ್ತಿಯಲ್ಲಿ ಕೂತವರು ಎಲೆ ನೋಡುತ್ತಾ ಕೂರಬೇಕಾಗುತ್ತದೆ.

ವಿಡಿಯೋ ರೆಂಡರ್ (ಎಡಿಟ್ ಮಾಡಿದ್ದನ್ನು ಕೊನೆಯ ಫೈಲ್ ಆಗಿ ತೆಗೆಯುವುದು), ಬರೆದ ಕೋಡನ್ನು ಪ್ರೋಗ್ರಾಂ ಮಾಡುವ ಕಂಪೈಲ್, 3ಡಿ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ಪ್ರೊಸೆಸರ್ ಮೇಲೆ ಮಾಡುವ ರೆಂಡರ್, ಇವೆಲ್ಲ ತರಕಾರಿ ಹೆಚ್ಚುವ ಕೆಲಸ. ಹಂಚಿಕೊಂಡಷ್ಟೂ ಬೇಗ ಮುಗಿಯುತ್ತದೆ. ಗೇಮ್ ಹಾಗಲ್ಲ. ಅದರಲ್ಲಿ ಒಂದೆರಡು ಮುಖ್ಯ ಥ್ರೆಡ್‌ಗಳು, ಅಂದರೆ ಕೆಲಸದ ಎಳೆಗಳು, ಉಳಿದವರಿಗೆಲ್ಲ ಕೆಲಸ ಹೇಳುತ್ತಾ ಇರುತ್ತವೆ, ಅವು ನಿಂತರೆ ಎಲ್ಲರೂ ನಿಂತ ಹಾಗೆ.

14700ಕೆಯಲ್ಲಿ ಜನ ಜಾಸ್ತಿ. ಕೋರ್ ಅಂದರೆ ಕೆಲಸ ಮಾಡುವ ಒಬ್ಬೊಬ್ಬ ಆಳು ಅಂದುಕೊಳ್ಳಿ. 8 ದೊಡ್ಡ ಕೋರ್, 12 ಚಿಕ್ಕ ಕೋರ್, ಒಟ್ಟು 20. ಒಂದೇ ಸಲಕ್ಕೆ ನಡೆಸಬಲ್ಲ ಥ್ರೆಡ್ 28. ವೇಗ 5.6 ಗಿಗಾಹರ್ಟ್ಸ್ ತನಕ ಹೋಗುತ್ತದೆ. 7800ಎಕ್ಸ್3ಡಿಯಲ್ಲಿ 8 ಕೋರ್, 16 ಥ್ರೆಡ್, ವೇಗ 5.0 ಗಿಗಾಹರ್ಟ್ಸ್‌ಗೇ ನಿಲ್ಲುತ್ತದೆ. ಪೆಟ್ಟಿಗೆ ಮೇಲಿನ ಅಂಕಿ ಮಾತ್ರ ನೋಡಿದರೆ ಇಂಟೆಲ್ ಸುಲಭವಾಗಿ ಗೆದ್ದ ಹಾಗೆ ಕಾಣುತ್ತದೆ. ಆದರೆ ಮಸಾಲೆ ಡಬ್ಬಿ ನೋಡಿ. ಅದು ಪ್ರೊಸೆಸರ್ ಒಳಗೇ ಡೇಟಾ ಇಟ್ಟುಕೊಳ್ಳುವ ಜಾಗ, ಎಲ್3 ಕ್ಯಾಶ್. 14700ಕೆಯಲ್ಲಿ ಅದು 33 ಎಂಬಿ, 7800ಎಕ್ಸ್3ಡಿಯಲ್ಲಿ 96 ಎಂಬಿ. ಮಾಮೂಲಿ 32 ಎಂಬಿಯ ಮೇಲೆ ಇನ್ನೊಂದು 64 ಎಂಬಿಯ ಪದರವನ್ನು ಅಟ್ಟ ಕಟ್ಟಿದ ಹಾಗೆ ಕೂರಿಸಿದ್ದಾರೆ, ಹೆಸರಿನ 3ಡಿ ಅಂದರೆ ಅದೇ. ಎಲ್3ಯಿಂದ ಡೇಟಾ ತರಲು ಸುಮಾರು 10 ನ್ಯಾನೋಸೆಕೆಂಡ್ ಸಾಕು. ಉಗ್ರಾಣದ ಹಾಗೆ ಹೊರಗಿರುವ ರ್ಯಾಮ್‌ಗೆ ಹೋಗಿ ಬರಬೇಕಾದರೆ 60, 70, ಕೆಲವು ಸಲ 80. ಗೇಮ್ ಒಂದು ಸೆಕೆಂಡಿಗೆ 100 ಫ್ರೇಮ್ ಕೊಡಬೇಕಾದರೆ ಒಂದೊಂದು ಫ್ರೇಮಿಗೂ ಸಿಗುವ ಸಮಯ 10 ಮಿಲಿಸೆಕೆಂಡ್ ಅಷ್ಟೇ, ಅದರೊಳಗೆ ಈ ಓಡಾಟ ಲೆಕ್ಕವಿಲ್ಲದಷ್ಟು ಸಲ ನಡೆಯುತ್ತದೆ. ಅದಕ್ಕೇ ವೇಗ ಕಡಿಮೆ ಇದ್ದರೂ ಈ ಚಿಪ್ ಗೇಮಿನಲ್ಲಿ ಮುಂದೆ ಹೋಗುತ್ತದೆ.

ಅಟ್ಟ ಕಟ್ಟಿದ್ದಕ್ಕೆ ಬೆಲೆಯೂ ಇದೆ. ಕೋರ್‌ಗಳ ಬಿಸಿ ಆ ಪದರ ದಾಟಿ ಮೇಲೆ ಬರಬೇಕು. ಹಾಗಾಗಿ ಎಎಂಡಿ ಇದಕ್ಕೆ 89 ಡಿಗ್ರಿ ಮಿತಿ ಹಾಕಿದೆ, ಮಲ್ಟಿಪ್ಲೈಯರ್ ಏರಿಸಿ ಓವರ್‌ಕ್ಲಾಕ್ ಮಾಡಲು, ಅಂದರೆ ನಿಗದಿಗಿಂತ ವೇಗವಾಗಿ ಓಡಿಸಲು, ಬಿಡುವುದಿಲ್ಲ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಆ ಪದರವನ್ನು ಕೋರ್‌ಗಳ ಕೆಳಗೆ ಇಟ್ಟರು, ಅದು 5.2 ಗಿಗಾಹರ್ಟ್ಸ್ ಓಡುತ್ತದೆ, ಓವರ್‌ಕ್ಲಾಕ್‌ಗೂ ಬಿಟ್ಟಿದ್ದಾರೆ.

ಈಗ ಗೇಮ್ ಆಡುವವರಿಗೆ ನೇರ ಮಾತು. ಫ್ಲೈಟ್ ಸಿಮ್ಯುಲೇಟರ್, ಫ್ಯಾಕ್ಟೋರಿಯೋ, ಅಸೆಟ್ಟೋ ಕೋರ್ಸಾ ತರದ ಗೇಮ್‌ಗಳಲ್ಲಿ ದೊಡ್ಡ ಕ್ಯಾಶ್‌ನ ಲಾಭ ಕಣ್ಣಿಗೆ ಕಾಣುತ್ತದೆ. ಫ್ರೇಮ್ ಸಂಖ್ಯೆ ಏರುವುದಕ್ಕಿಂತ ನನಗೆ ಮುಖ್ಯ ಅನಿಸುವುದು ಮಧ್ಯೆ ಮಧ್ಯೆ ತಡವರಿಸುವುದು ಕಡಿಮೆಯಾಗುವುದು. ಆದರೆ ಇದೆಲ್ಲ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ ಪರದೆಯ ಸ್ಪಷ್ಟತೆ 1080ಪಿ ಇಟ್ಟು ಆಡುವಾಗಿನ ಮಾತು. ಅದಕ್ಕಿಂತ ಸ್ಪಷ್ಟವಾದ 1440ಪಿಗೆ ಹೋದರೆ ಅಂತರ ಕಮ್ಮಿ ಆಗುತ್ತದೆ, 4ಕೆಯಲ್ಲಿ ಬಹುಪಾಲು ಗೇಮ್‌ಗಳಲ್ಲಿ ಎರಡೂ ಒಂದೇ. ಕಾರ್ಡ್ ಮಧ್ಯಮ ದರ್ಜೆಯ ಆರ್‌ಟಿಎಕ್ಸ್ 4060 ಮಟ್ಟದ್ದಾದರೆ ಹೆಚ್ಚಿನ ಗೇಮ್‌ಗಳಲ್ಲಿ ಯಾವ ಪ್ರೊಸೆಸರ್ ಅಂತ ಗೊತ್ತೂ ಆಗುವುದಿಲ್ಲ, ಕಾಯಿಸುತ್ತಿರುವುದು ಕಾರ್ಡೇ.

ಹೋದ ಮಳೆಗಾಲದಲ್ಲಿ ಚಿಕ್ಕಮಗಳೂರಿನಿಂದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಅಣ್ಣನ ಜೊತೆ ಬಂದಿದ್ದ. ಪಟ್ಟಿಯಲ್ಲಿ 7800ಎಕ್ಸ್3ಡಿ, ಅದರ ಪಕ್ಕ 4060. ಬೇಡ ಅಂದೆ. ರೈಜನ್ 5 7600 ಹಾಕಿಕೋ, ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಸೇರಿಸು, ಎರಡು ಮೂರು ವರ್ಷ ಬಿಟ್ಟು ಕೆಲಸ ಸಿಕ್ಕಿದ ಮೇಲೆ ಅದೇ ಬೋರ್ಡ್‌ಗೆ ಎಕ್ಸ್3ಡಿ ಹಾಕಿಕೊಳ್ಳಬಹುದು ಅಂತ ಹೇಳಿದೆ. ಮುಖ ಸಪ್ಪೆ ಆಯಿತು, ಆದರೂ ಒಪ್ಪಿದ. ಹೀಗೆ ಹೇಳಲು ಆಗುವುದು ಎಎಂಡಿಯ ಎಎಂ5 ಸಾಕೆಟ್ (ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಇರುವುದರಿಂದ. 2022ರಲ್ಲಿ ಶುರುವಾದ ಈ ಸಾಕೆಟ್‌ಗೆ 2027 ಮತ್ತು ಆಮೇಲೂ ಬೆಂಬಲ ಇರುತ್ತದೆ ಎಂದು ಕಂಪನಿ ಹೇಳಿದೆ. 14700ಕೆ ಕೂರುವ ಎಲ್‌ಜಿಎ1700 ಸಾಕೆಟ್‌ನ ಕಥೆ ಅಲ್ಲಿಗೇ ಮುಗಿಯಿತು, 2024ರ ಕೋರ್ ಅಲ್ಟ್ರಾಗೆ ಬೇರೆ ಸಾಕೆಟ್. ಇಂಟೆಲ್ ಪರವಾಗಿ ಒಂದು ಮಾತು ಇದೆ: ಮನೆಯಲ್ಲಿ ಒಳ್ಳೆಯ ಡಿಡಿಆರ್4 (ಹಿಂದಿನ ತಲೆಮಾರಿನ) ರ್ಯಾಮ್ ಈಗಾಗಲೇ ಇದ್ದರೆ ಅದಕ್ಕೆ ಹೊಂದುವ ಬೋರ್ಡ್ ತಂದು 14700ಕೆ ಹಾಕಬಹುದು. ಎಎಂ5ನಲ್ಲಿ ಡಿಡಿಆರ್5 ಮಾತ್ರ.

ಕೆಲಸದ ವಿಷಯಕ್ಕೆ ಬಂದರೆ ನಮ್ಮ ಕಡೆ ಭಾರೀ ಕೆಲಸ ಅಂದರೆ ಬಹಳ ಸಲ ಮದುವೆ ವಿಡಿಯೋ. ಹಾಸನದಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಗೆಳೆಯನಿಗೆ ನಾನು ಯೋಚಿಸದೆ 14700ಕೆ ಹೇಳಿದೆ. ಸಿನಿಬೆಂಚ್ ತರದ, ಎಲ್ಲ ಕೋರ್ ಬಳಸುವ ಪರೀಕ್ಷೆಯಲ್ಲಿ ಅದು 7800ಎಕ್ಸ್3ಡಿಯ ಹತ್ತಿರ ಹತ್ತಿರ ಎರಡು ಪಟ್ಟು ಅಂಕ ತೆಗೆಯುತ್ತದೆ. ಅವನಿಗೆ ಅದಕ್ಕಿಂತ ಬೇಕಾಗಿದ್ದದ್ದು ಇನ್ನೊಂದು. ಈಗಿನ ಕ್ಯಾಮೆರಾಗಳಲ್ಲಿ 4:2:2 10-ಬಿಟ್ ಎಚ್.265 ಎಂಬ, ಬಣ್ಣದ ವಿವರ ಹೆಚ್ಚಿರುವ ವಿಡಿಯೋ ತೆಗೆಯುತ್ತಾರಲ್ಲ, ಅದನ್ನು ಟೈಮ್‌ಲೈನ್‌ನಲ್ಲಿ ಎಳೆದಾಡುವಾಗ ಪಿಸಿ ಒದ್ದಾಡುತ್ತದೆ. ಇಂಟೆಲ್‌ನ ಒಳಗೇ ಇರುವ ಗ್ರಾಫಿಕ್ಸ್‌ನ ಕ್ವಿಕ್ ಸಿಂಕ್ ಎಂಬ ವಿಡಿಯೋ ಭಾಗ ಅದನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ. 7800ಎಕ್ಸ್3ಡಿಯ ಒಳಗಿರುವ ಚಿಕ್ಕ ಗ್ರಾಫಿಕ್ಸ್‌ಗೆ ಅದು ಆಗುವುದಿಲ್ಲ, ಎನ್‌ವಿಡಿಯಾದ 30 ಮತ್ತು 40 ಸರಣಿಯ ಕಾರ್ಡ್‌ಗಳಿಗೂ ಆಗುವುದಿಲ್ಲ. 50 ಸರಣಿಯಲ್ಲಿ ಸೇರಿಸಿದ್ದಾರೆ. ಅದಕ್ಕೇ ವಿಡಿಯೋದವರಿಗೆ ಒಂದು ಎಚ್ಚರಿಕೆ ಹೇಳುತ್ತೇನೆ: ಸ್ವಲ್ಪ ಕಡಿಮೆ ಬೆಲೆ ಅಂತ 14700ಕೆಎಫ್ ತರಬೇಡಿ. ಎಫ್ ಇರುವುದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. ಯಾವುದಕ್ಕಾಗಿ ಇಂಟೆಲ್ ಆರಿಸಿದಿರೋ ಅದೇ ಹೋಗುತ್ತದೆ.

ಗೇಮ್ ಆಡುತ್ತಾ ಸ್ಟ್ರೀಮ್ ಮಾಡುವುದಕ್ಕೆ ಕೋರ್ ಜಾಸ್ತಿ ಬೇಕು ಅಂತ ಹಳೆಯ ಮಾತೊಂದಿದೆ. ಈಗ ವಿಡಿಯೋ ಕುಗ್ಗಿಸಿ ಕಳಿಸುವ ಆ ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್ ಮಾಡುತ್ತದೆ, ಆ ಕಾರಣಕ್ಕೆ 20 ಕೋರ್ ಕೊಳ್ಳಬೇಕಿಲ್ಲ.

ಇನ್ನು ಕರೆಂಟ್. ಬೆಂಗಳೂರಿನವರ ಹೋಲಿಕೆಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ನಮಗೆ ಹಾಗಲ್ಲ. ಎಲ್ಲ ಕೋರ್ ಓಡುವಾಗ 7800ಎಕ್ಸ್3ಡಿ ಎಳೆಯುವುದು ಸುಮಾರು 80 ವ್ಯಾಟ್. 14700ಕೆಗೆ ಇಂಟೆಲ್ ಹೇಳಿರುವ ಮೇಲಿನ ಮಿತಿಯೇ 253 ವ್ಯಾಟ್. ಬಿಲ್ ಜಾಸ್ತಿ ಬರುತ್ತೆ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೂತು ಲೆಕ್ಕ ಹಾಕಿದೆ. 14700ಕೆ ಒಂದು ಗಂಟೆಯಲ್ಲಿ ಮುಗಿಸುವ ರೆಂಡರ್‌ಗೆ ಇನ್ನೊಂದಕ್ಕೆ ಎರಡು ಗಂಟೆ ಬೇಕು ಅಂತ ಇಟ್ಟುಕೊಳ್ಳಿ. ಮೊದಲನೆಯದು 253 ವ್ಯಾಟ್-ಅವರ್, ಎರಡನೆಯದು 160. ಆದರೆ ಮಾನಿಟರ್, ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ 100 ವ್ಯಾಟ್ ಅಂದುಕೊಂಡರೆ ಅವೂ ಒಂದು ಕಡೆ ಒಂದು ಗಂಟೆ, ಇನ್ನೊಂದು ಕಡೆ ಎರಡು ಗಂಟೆ ಓಡುತ್ತವೆ. ಒಟ್ಟು 353ಕ್ಕೆ 360. ರೆಂಡರ್ ಕೆಲಸದಲ್ಲಿ ಬಿಲ್ ಸಮ ಆಗಿಹೋಗುತ್ತದೆ. ಗೇಮಿನಲ್ಲಿ ಮಾತ್ರ ವ್ಯತ್ಯಾಸ ಉಳಿಯುತ್ತದೆ, ಯಾಕೆಂದರೆ ಗೇಮ್ ಬೇಗ ಮುಗಿಯುವ ಕೆಲಸ ಅಲ್ಲ.

ಪೆಟ್ಟು ಬೀಳುವುದು ಬಿಲ್‌ನಲ್ಲಿ ಅಲ್ಲ, ಯುಪಿಎಸ್‌ನಲ್ಲಿ. ಜೂನ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ಗಾಳಿಗೆ ಕೊಂಬೆ ಮುರಿದು ತಂತಿ ಮೇಲೆ ಬೀಳುವುದು, ಕರೆಂಟ್ ಹೋಗಿ ಬರುವುದು ಮಾಮೂಲಿ. ಸ್ಟುಡಿಯೋ ಗೆಳೆಯನ ಯುಪಿಎಸ್ ಮೇಲೆ 1000 ವಿಎ ಅಂತ ಬರೆದಿತ್ತು. ಅದು ವ್ಯಾಟ್ ಅಲ್ಲ, ಆ ಯುಪಿಎಸ್ ನಿಜವಾಗಿ ಕೊಡುವುದು 600 ವ್ಯಾಟ್. ಒಂದು ಸಂಜೆ ಮೂರು ಗಂಟೆಯ ಮದುವೆ ವಿಡಿಯೋ ರೆಂಡರ್ ಆಗುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4070, ಅದೊಂದೇ 200 ವ್ಯಾಟ್ ತನಕ ಹೋಗುತ್ತದೆ. ಎರಡು ಮಾನಿಟರ್ ಬೇರೆ. ಕರೆಂಟ್ ಹೋಯಿತು, ಯುಪಿಎಸ್ ಎರಡು ಸಲ ಕೂಗಿ ಆರಿತು. ಮಾರನೆಯ ಬೆಳಿಗ್ಗೆ ಬೇಲೂರಿನ ಮನೆಯವರಿಗೆ ಕೊಡಬೇಕಿದ್ದ ವಿಡಿಯೋ ಅದು. ಅವನು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು, ಆ ಪಿಸಿ ಜೋಡಿಸಿದವನು ನಾನೇ ಅಲ್ವಾ.

ಹೋಗಿ ಬಯೋಸ್ (ಬೋರ್ಡ್‌ನ ಮೂಲ ಸೆಟ್ಟಿಂಗ್) ತೆರೆದು ನೋಡಿದರೆ ಬೋರ್ಡ್ ಪವರ್ ಮಿತಿಯನ್ನು ತೆಗೆದುಬಿಟ್ಟಿತ್ತು. ಪ್ರೊಸೆಸರ್ 253 ದಾಟಿ ಎಳೆಯುತ್ತಿತ್ತು. 180 ವ್ಯಾಟ್‌ಗೆ ಕಟ್ಟಿಹಾಕಿದೆ. ಒಂದು ಗಂಟೆಯ ರೆಂಡರ್‌ಗೆ ಐದಾರು ನಿಮಿಷ ಜಾಸ್ತಿ ಆಯಿತು, ಅಷ್ಟೇ. ಫ್ಯಾನ್ ಸದ್ದು ಇಳಿಯಿತು, ಬಿಸಿ ಇಳಿಯಿತು, ಬ್ಯಾಟರಿ ಹೊಸದು ಹಾಕಿದ ಮೇಲೆ ಯುಪಿಎಸ್ ಕೂಡ ನಿಂತಿದೆ. ಕೊನೆಯ ಐದಾರು ನಿಮಿಷ ಉಳಿಸುವುದಕ್ಕೆ ಅದು ಅಷ್ಟೊಂದು ಕರೆಂಟ್ ತಿನ್ನುತ್ತಿತ್ತು. ಆವತ್ತಿನಿಂದ 14700ಕೆ ಜೋಡಿಸಿದ ಪ್ರತಿ ಪಿಸಿಗೂ ಮೊದಲ ದಿನವೇ ಮಿತಿ ಹಾಕಿಯೇ ಕೊಡುತ್ತೇನೆ.

ಅದು ಹಾಳಾಗುತ್ತಂತಲ್ಲ ಅಂತಲೂ ಕೇಳುತ್ತಾರೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಕಾಲಕ್ರಮೇಣ ಚಿಪ್ ದುರ್ಬಲವಾಗುವ ತೊಂದರೆ ಇದ್ದದ್ದು ನಿಜ, ಕಂಪನಿಯೇ 2024ರಲ್ಲಿ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೋಕೋಡ್ (ಬಯೋಸ್ ಜೊತೆ ಬರುವ ಪ್ರೊಸೆಸರ್‌ನ ತಿದ್ದುಪಡಿ) ಬಂತು, ವಾರಂಟಿ ಎರಡು ವರ್ಷ ಹೆಚ್ಚಿಸಿ ಐದು ವರ್ಷ ಮಾಡಿದರು. ಹೊಸ ಬಯೋಸ್ ಹಾಕದೆ ಆ ಪ್ರೊಸೆಸರ್ ಓಡಿಸಬೇಡಿ. ಈಗಾಗಲೇ ದುರ್ಬಲ ಆದ ಚಿಪ್ ಬಯೋಸ್ ಹಾಕಿದರೆ ಸರಿಯಾಗುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ 14700ಕೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಾನು ಬೇಡ ಅನ್ನುತ್ತೇನೆ. ಎಎಂಡಿ ಕಡೆಯೂ 2023ರಲ್ಲಿ ಕೆಲವು ಬೋರ್ಡ್‌ಗಳು ಹೆಚ್ಚು ವೋಲ್ಟೇಜ್ ಕೊಟ್ಟು ಎಕ್ಸ್3ಡಿ ಚಿಪ್‌ಗಳು ಸುಟ್ಟಿದ್ದವು. ಎಸ್‌ಒಸಿ (ಪ್ರೊಸೆಸರ್‌ನಲ್ಲಿ ಕೋರ್ ಬಿಟ್ಟು ಉಳಿದ ಭಾಗ) ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಿ ಮಾಡಿದ ಬಯೋಸ್ ಬಂತು. ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತರುವವರು ಪೆಟ್ಟಿಗೆ ಸಮೇತ ತನ್ನಿ, ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ. ಟ್ರೇ ಚಿಪ್ ಅಂತ ಬಿಡಿಯಾಗಿ ಕೊಟ್ಟರೆ ವಾರಂಟಿ ಯಾರದು ಅಂತ ಮೊದಲು ಕೇಳಿ, ಇಲ್ಲದಿದ್ದರೆ ಸುಮ್ನೆ ಬಸ್ ಹತ್ತಿ ಮತ್ತೆ ಬೆಂಗಳೂರಿಗೆ ಓಡಾಡಬೇಕಾಗುತ್ತದೆ.

ಕೂಲರ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. 7800ಎಕ್ಸ್3ಡಿಗೆ ಒಳ್ಳೆಯ ಏರ್ ಕೂಲರ್ ಸಾಕು. 14700ಕೆಗೆ ಮಿತಿ ಹಾಕದಿದ್ದರೆ 360 ಮಿಲಿಮೀಟರ್ ಲಿಕ್ವಿಡ್ ಕೂಲರ್ ಬೇಕು, ಆ ಖರ್ಚನ್ನೂ ಬೆಲೆಗೆ ಸೇರಿಸಿ ಹೋಲಿಸಿ.

ಹಾಗಾದರೆ ಎರಡೂ ಬೇಕು ಅನ್ನುವವರಿಗೆ? ಹಗಲು ಕೆಲಸ, ರಾತ್ರಿ ಗೇಮ್ ಅನ್ನುವವರೇ ಜಾಸ್ತಿ. ರೆಂಡರ್ ಮೇಲೆ ನಿಮ್ಮ ಅನ್ನ ನಿಂತಿದ್ದರೆ 14700ಕೆ, ಗೇಮಿನಲ್ಲೂ ಅದು ಯಾರಿಗೂ ಕಡಿಮೆ ಅನಿಸುವಷ್ಟು ಹಿಂದೆ ಇಲ್ಲ. ತಿಂಗಳಿಗೆ ಒಂದೆರಡು ವಿಡಿಯೋ, ಉಳಿದ ಹೊತ್ತೆಲ್ಲ ಗೇಮ್ ಅಂದರೆ 7800ಎಕ್ಸ್3ಡಿ. ಆ ಒಂದೆರಡು ವಿಡಿಯೋ ರಾತ್ರಿ ಊಟದ ಹೊತ್ತಿಗೆ ಹಾಕಿದರೆ ಮಲಗುವ ಹೊತ್ತಿಗೆ ಮುಗಿದಿರುತ್ತದೆ.

ನಿಮ್ಮ ಹತ್ತಿರ ಯಾವುದಿದೆ ಅಂತ ಕೊನೆಗೆ ಎಲ್ಲರೂ ಕೇಳುತ್ತಾರೆ. 7800ಎಕ್ಸ್3ಡಿ. ನಾನು ಕಾಯುವುದು ಫ್ಲೈಟ್ ಸಿಮ್ಯುಲೇಟರ್‌ನಲ್ಲಿ, ಮಂಗಳೂರಿನಿಂದ ಹೊರಟು ಘಟ್ಟ ದಾಟಿ ಪೂರ್ವಕ್ಕೆ ಬರುವಾಗ. ಹಳೆಯ ಪ್ರೊಸೆಸರ್‌ನಲ್ಲಿ ಬಿಸಿಲೆ ಕಾಡಿನ ಮೇಲೆ ವಿಮಾನ ತಡವರಿಸುತ್ತಿತ್ತು. ಈಗ ಹಾಸನದ ತನಕ ಒಂದೇ ಸಮನೆ ಬರುತ್ತದೆ.