ಗೋಡೆಯ ಮೇಲಿನ ರಾಸಾಯನಿಕ ಸೂತ್ರ

ಪಿಯುಸಿ ಮುಗಿಸಿ, ವಿದ್ಯಾರ್ಥಿವೇತನದ ಬಲದಿಂದ ಅಮೆರಿಕದ ಕೆಂಟಕಿ ರಾಜ್ಯದ ಡ್ಯಾನ್‌ವಿಲ್ ಎಂಬ ಸಣ್ಣ ಊರಿನ ಸೆಂಟರ್ ಕಾಲೇಜಿಗೆ ಸೇರಿದ ಮೊದಲ ವಾರದಲ್ಲೇ, ಅಲ್ಲಿನ ಹಳೆಯ ಕಟ್ಟಡವೊಂದರ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ‘ಸಿ6 ಎಚ್0’ ಎಂಬ ಬರಹ ನನ್ನ ಕಣ್ಣಿಗೆ ಬಿದ್ದಿತು. ಪಿಯುಸಿಯಲ್ಲಿ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಬೆಂಜೀನಿನ ಷಟ್ಕೋನವನ್ನು ಎಷ್ಟು ಸಲ ಬರೆಸಿದ್ದರೆಂದರೆ, ಆರು ಇಂಗಾಲಕ್ಕೆ ಆರು ಜಲಜನಕ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದೆ. ಜಲಜನಕವನ್ನೆಲ್ಲ ಕಳೆದುಕೊಂಡ ಈ ಬೆಂಜೀನು ಯಾವುದೆಂದು ಹಾಸ್ಟೆಲಿನ ಸೀನಿಯರ್ ಒಬ್ಬನನ್ನು ಕೇಳಿದೆ. ಅವನು ನಗದೆ, ದೇವಸ್ಥಾನದ ಶಾಸನವನ್ನು ಓದಿ ಹೇಳುವವನಂತೆ, ‘ಸೆಂಟರ್ ಆರು, ಹಾರ್ವರ್ಡ್ ಸೊನ್ನೆ’ ಎಂದ.

ಆ ಸ್ಕೋರಿನ ಹಿಂದೆ ಇದ್ದದ್ದು 1921ರ ಅಮೆರಿಕನ್ ಫುಟ್‌ಬಾಲ್ ಋತು. ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿ ದಾಟುವ ಆಟವದು. ಆಗ ಸೆಂಟರ್ ಕಾಲೇಜಿನಲ್ಲಿದ್ದ ವಿದ್ಯಾರ್ಥಿಗಳು ಮುನ್ನೂರಕ್ಕೂ ಕಡಿಮೆ. ಆಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತಿದ್ದ ಕಾರಣಕ್ಕೆ ತಂಡಕ್ಕೆ ‘ಪ್ರೇಯಿಂಗ್ ಕರ್ನಲ್ಸ್’ ಎಂಬ ಹೆಸರು ಬಂದಿತ್ತು. ತರಬೇತುದಾರ ಚಾರ್ಲಿ ಮೊರಾನ್ ಬೇಸ್‌ಬಾಲ್ ಪಂದ್ಯಗಳಲ್ಲಿ ಅಂಪೈರ್ ಆಗಿಯೂ ಹೆಸರು ಮಾಡಿದವರು. ಗ್ರಂಥಾಲಯದಲ್ಲಿ ವಾರಕ್ಕೆ ಕೆಲವು ಗಂಟೆ ಕೆಲಸ ಮಾಡುತ್ತಿದ್ದ ನನಗೆ ಆ ಕಾಲದ ತಂಡದ ಚಿತ್ರಗಳನ್ನು ನೋಡುವ ಅವಕಾಶ ಸಿಕ್ಕಿತ್ತು. ಕಿವಿ ಮುಚ್ಚುವ ತೆಳು ಚರ್ಮದ ಟೊಪ್ಪಿ, ಕೆಸರು ಒಣಗಿದ ಉಣ್ಣೆಯ ಅಂಗಿ, ಕ್ಯಾಮೆರಾವನ್ನು ಕಂಡು ಸಂಕೋಚಪಟ್ಟಂತಿರುವ ಮುಖಗಳು. ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಮಂದಿ ಮೈದಾನದಲ್ಲಿರುತ್ತಿದ್ದ ಕಾಲವದು. ಇಂದಿನಂತೆ ಗಳಿಗೆಗೊಮ್ಮೆ ಆಟಗಾರರನ್ನು ಬದಲಿಸುವ ಅನುಕೂಲ ಇರಲಿಲ್ಲ.

ಹಳ್ಳಿ ಹುಡುಗರ ಪವಾಡವೆಂದು ಡ್ಯಾನ್‌ವಿಲ್‌ನಲ್ಲಿ ಹೇಳುತ್ತಿದ್ದ ಈ ಕಥೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ತಂಡದ ಜೀವಾಳವಾಗಿದ್ದ ಬೋ ಮೆಕ್‌ಮಿಲಿನ್ ಮತ್ತು ರೆಡ್ ವೀವರ್ ಟೆಕ್ಸಾಸಿನ ಫೋರ್ಟ್ ವರ್ತ್‌ನವರು. ಅಲ್ಲಿನ ಹೈಸ್ಕೂಲಿನಲ್ಲಿ ಅವರನ್ನು ತರಬೇತು ಮಾಡಿದ್ದ, ಸೆಂಟರ್‌ನ ಹಳೆಯ ವಿದ್ಯಾರ್ಥಿ ‘ಚೀಫ್’ ಮೈಯರ್ಸ್ ಆ ಇಬ್ಬರನ್ನೂ ಕೆಂಟಕಿಗೆ ಕರೆತಂದರು. ಕಾಲೇಜಿಗೆ ಬೇಕಾದ ಓದು ಸಾಲದಿದ್ದುದರಿಂದ ಮೊದಲು ಸಾಮರ್‌ಸೆಟ್ ಎಂಬ ಊರಿನ ಹೈಸ್ಕೂಲಿಗೆ ಸೇರಿಸಿದರು. ಪವಾಡಕ್ಕೂ ಇಷ್ಟು ಪೂರ್ವಸಿದ್ಧತೆ ಬೇಕಾಗಿತ್ತು. 1919ರಲ್ಲಿ ಆಡಿದ ಒಂಬತ್ತು ಪಂದ್ಯಗಳನ್ನೂ ಗೆದ್ದ ತಂಡವನ್ನು ಹಾರ್ವರ್ಡ್ ಮರುವರ್ಷ ಆಹ್ವಾನಿಸಿ, ಅರ್ಧ ಆಟದವರೆಗೆ 14-14ರಲ್ಲಿ ಸಮವಾಗಿದ್ದ ಪಂದ್ಯವನ್ನು 31-14ರಿಂದ ಗೆದ್ದುಕೊಂಡಿತು.

1921ರ ಅಕ್ಟೋಬರ್ 29ರಂದು ಸೆಂಟರ್ ಮತ್ತೆ ಹಾರ್ವರ್ಡ್ ಕ್ರೀಡಾಂಗಣಕ್ಕೆ ಹೋಯಿತು. ಎದುರಾಳಿ ಹಾರ್ವರ್ಡ್ ತಂಡ ಹಿಂದಿನ ವರ್ಷದ ಆರಂಭದಲ್ಲಿ ರೋಸ್ ಬೌಲ್ ಎಂಬ ಪ್ರತಿಷ್ಠಿತ ಪಂದ್ಯವನ್ನು ಗೆದ್ದಿತ್ತು, ಹಲವು ಋತುಗಳಿಂದ ಸೋಲನ್ನೇ ಕಂಡಿರಲಿಲ್ಲ. ನಲವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಸೆಂಟರ್ ಕಾಲೇಜಿನ ಎಲ್ಲರನ್ನೂ ಅಲ್ಲಿ ಕೂರಿಸಿದ್ದರೂ ಒಂದು ಮೂಲೆ ತುಂಬುತ್ತಿರಲಿಲ್ಲ. ಮೊದಲರ್ಧದಲ್ಲಿ ಯಾರಿಗೂ ಅಂಕ ಬರಲಿಲ್ಲ. ನಾಲ್ಕು ಭಾಗಗಳ ಆಟದ ಮೂರನೆಯ ಭಾಗ ಶುರುವಾಗುತ್ತಿದ್ದಂತೆ, ಹಾರ್ವರ್ಡ್‌ನ ಗಡಿಗೆರೆ 32 ಗಜ ದೂರವಿದ್ದಾಗ ಚೆಂಡು ಮೆಕ್‌ಮಿಲಿನ್ ಕೈಗೆ ಬಂತು. ಕಬಡ್ಡಿ ನೋಡಿ ಬೆಳೆದ ನಮಗೆ ಆ ಓಟವನ್ನು ವಿವರಿಸಬೇಕಾಗಿಲ್ಲ: ಒಂದು ಬದಿಗೆ ನುಗ್ಗುವಂತೆ ತೋರಿಸಿ, ಎದುರಾಳಿಗಳ ಭಾರವೆಲ್ಲ ಆ ಕಡೆ ವಾಲಿದ ಗಳಿಗೆಯಲ್ಲಿ ಇನ್ನೊಂದು ಬದಿಗೆ ತಿರುಗಿ, ಯಾರ ಹಿಡಿತಕ್ಕೂ ಸಿಗದೆ ಗಡಿ ದಾಟುವುದು. ಹೀಗೆ ಚೆಂಡಿನೊಂದಿಗೆ ಗಡಿ ದಾಟಿದರೆ, ಅಂದರೆ ಟಚ್‌ಡೌನ್‌ಗೆ, ಆರು ಅಂಕ. ಅದರ ಬೆನ್ನಿಗೆ ಒದೆತದಿಂದ ಸಿಗಬೇಕಿದ್ದ ಒಂದು ಅಂಕ ತಪ್ಪಿತು. ಆ ಒದೆತ ಗುರಿ ಮುಟ್ಟಿದ್ದರೆ ಸ್ಕೋರು ಏಳಾಗಿ, ಗೋಡೆಯ ಮೇಲಿನ ಸೂತ್ರಕ್ಕೆ ಬೆಂಜೀನಿನ ನೆರಳೂ ಇರುತ್ತಿರಲಿಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಗೆದ್ದ ಸುದ್ದಿ ತಲುಪಿದ ಮೇಲೆ ಡ್ಯಾನ್‌ವಿಲ್‌ನಲ್ಲಿ ಕಂಡ ಕಂಡ ಕಡೆಯೆಲ್ಲ, ಹಸುಗಳ ಮೈಯನ್ನೂ ಬಿಡದೆ, ಅದನ್ನು ಬರೆದಿದ್ದರೆಂದು ಊರಿನ ಹಿರಿಯರು ಹೇಳುತ್ತಿದ್ದರು.

ಉಳಿದ ಪಂದ್ಯಗಳನ್ನು ನೆನೆಯುವವರು ಕಡಿಮೆ. ಕ್ಲೆಮ್ಸನ್, ಆಬರ್ನ್, ಟುಲೇನ್ ತಂಡಗಳು ಒಂದಂಕವನ್ನೂ ಪಡೆಯದೆ ಸೋತವು. ಕೆಂಟಕಿ ವಿಶ್ವವಿದ್ಯಾಲಯ 55-0ರಿಂದ ಸೋತಿತು. ನೆರೆಯ ಟ್ರಾನ್ಸಿಲ್ವೇನಿಯಾ ಕಾಲೇಜನ್ನು 98-0ರಿಂದ ಸೋಲಿಸಿದ್ದನ್ನು ಮಾತ್ರ ನಾನು ಹೆಮ್ಮೆಯಿಂದ ಹೇಳಲಾರೆ. ಐವತ್ತರ ಹೊತ್ತಿಗಾದರೂ ಸಾಕೆನ್ನಬಹುದಿತ್ತು.

ಋತುವಿನ ಕೊನೆಯ ಪಂದ್ಯದ ವಿಷಯ ನನಗೆ ಸರಿಯಾಗಿ ತಿಳಿದದ್ದು ಡ್ಯಾನ್‌ವಿಲ್‌ನಲ್ಲಲ್ಲ. ಓದು ಮುಗಿದು ಕೆಲವು ವರ್ಷಗಳಾದ ಮೇಲೆ ಟೆಕ್ಸಾಸಿನ ಕಾಲೇಜ್ ಸ್ಟೇಷನ್‌ಗೆ ಹೋಗಿದ್ದಾಗ, ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿದ್ದ ಕನ್ನಡಿಗರೊಬ್ಬರು ನನ್ನನ್ನು ಪಂದ್ಯವೊಂದಕ್ಕೆ ಕರೆದೊಯ್ದರು. ಅಲ್ಲಿ ವಿದ್ಯಾರ್ಥಿಗಳು ಆಟದುದ್ದಕ್ಕೂ ಕೂರದೆ ನಿಂತೇ ಇರುತ್ತಾರೆ. ಕಾರಣ ಕೇಳಿದಾಗ ಆ ಕನ್ನಡಿಗರು ಉತ್ಸಾಹದಿಂದ ವಿವರಿಸಿದರು: 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ಎ ಅಂಡ್ ಎಂ ತಂಡದ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಳ್ಳುತ್ತಿದ್ದಾಗ, ಪತ್ರಕರ್ತರಿಗೆ ನೆರವಾಗುತ್ತ ಮೇಲೆ ಕುಳಿತಿದ್ದ ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ತರಬೇತುದಾರರು ಕೆಳಗೆ ಕರೆಸಿದರು, ಅವನು ಗಾಯಾಳುವಿನ ಸಮವಸ್ತ್ರ ತೊಟ್ಟು ಅಂಚಿನಲ್ಲಿ ಆಟ ಮುಗಿಯುವವರೆಗೆ ಸಿದ್ಧನಾಗಿ ನಿಂತ, ಆಡುವ ಸಂದರ್ಭವೇ ಬರಲಿಲ್ಲ, 22-14ರಿಂದ ತಂಡ ಗೆದ್ದಿತು, ಅಂದಿನ ನೆನಪಿಗೆ ಇಂದಿಗೂ ಎಲ್ಲರೂ ನಿಲ್ಲುತ್ತಾರೆ.

‘ಎದುರಾಳಿಗಳು ಯಾರು ಸಾರ್?’ ಎಂದು ಕೇಳಿದೆ.

‘ಯಾವುದೋ ಸಣ್ಣ ಕಾಲೇಜಂತೆ, ಕೆಂಟಕಿ ಕಡೆಯದು,’ ಎಂದರು.

ಅದು ನಮ್ಮದೇ ಎಂದು ಹೇಳಿದೆ. ಆ ಸಣ್ಣ ಕಾಲೇಜಿನ ತರಬೇತುದಾರ ಮೊರಾನ್ ಅದಕ್ಕೂ ಮೊದಲು ಆರು ವರ್ಷ ಅವರ ವಿಶ್ವವಿದ್ಯಾಲಯದ ತಂಡವನ್ನೇ ಪಳಗಿಸಿದ್ದವರು ಎಂಬುದನ್ನೂ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಆಟ ಶುರುವಾಗಿ ಎಲ್ಲರೂ ಎದ್ದು ನಿಂತಿದ್ದರಿಂದ ನಾನೂ ಎದ್ದು ನಿಂತೆ.